ಮೂರನೇ ಬೆಂಚಿನ ಆಲ್ಟೊ

“ಆಂಟಿಗೆ ಒಂದು ಹಾಡೂ ಬರಲ್ಲ” ಎಂದು ಗಿಟಾರಣ್ಣ ನಗುತ್ತ ಹೇಳಿದ.

ಆಂಟಿ ಎಂದರೆ ನಮ್ಮಮ್ಮ. ಮದುವೆಗೆ ಮುಂಚಿನಿಂದಲೂ ಚರ್ಚಿನ ಗಾಯನ ಮಂಡಳಿಯಲ್ಲಿ ಹಾಡಿದವಳು. ಅವಳನ್ನೂ ಗಿಟಾರಣ್ಣ ನಡೆಸುವ ಚರ್ಚಿನ ಹೊಸ ಹಾಡಿನ ತಂಡಕ್ಕೆ ಸೇರಿಸಿಕೊಳ್ಳಿ ಎಂದು ನಾನೇ ಕೇಳಿದ್ದೆ. ಅವನು ಅವಳನ್ನು ಒಬ್ಬಳೇ ನಿಲ್ಲಿಸಿ ಹಾಡಿಸಿ, ನನ್ನ ಹತ್ತಿರ ಬಂದು ಹೀಗಂದ. ನನಗೆ ಮೈಯೆಲ್ಲ ಉರಿಯಿತು. ಇನ್ನಷ್ಟು ಉರಿಸಿದ್ದೆಂದರೆ, ಅವನು ಹೇಳಿದ್ದು ಒಂದು ಲೆಕ್ಕದಲ್ಲಿ ನಿಜವೇ.

ಅಮ್ಮ ಆಲ್ಟೊ. ನಮ್ಮ ಹಳೆಯ ಕೀರ್ತನೆಗಳನ್ನು ನಾಲ್ಕು ದನಿಗಳಲ್ಲಿ ಹಾಡುತ್ತಿದ್ದರು. ಎಲ್ಲರಿಗೂ ಗೊತ್ತಿರುವ ರಾಗ ಮೇಲಿನ ದನಿಯವರದು. ಆಲ್ಟೊ ಅದರ ಕೆಳಗೆ, ಬೇರೆಯದೇ ಜಾಡಿನಲ್ಲಿ ಹೋಗುತ್ತದೆ. ಇನ್ನೆರಡು ದನಿ ಗಂಡಸರದು. ಅಮ್ಮ ಹುಡುಗಿಯಾಗಿದ್ದಾಗ ಅಜ್ಜಿಯ ಪಕ್ಕ ಆಲ್ಟೊ ಬೆಂಚಿನಲ್ಲಿ ಕೂತವಳು ಅಲ್ಲಿಂದ ಏಳಲೇ ಇಲ್ಲ. ಹಾಗಾಗಿ ಯಾವ ಕೀರ್ತನೆಯ ರಾಗವೂ ಅವಳಿಗೆ ಬಾರದು, ಬರುವುದು ಅದರ ಕೆಳದನಿ ಮಾತ್ರ. ನನ್ನನ್ನು ಮಲಗಿಸಿದ್ದೂ ಅದನ್ನೇ ಹಾಡಿ. ಶಾಲೆಯಲ್ಲಿ ಒಮ್ಮೆ ನಾನು ಅವಳಂತೆಯೇ ಹಾಡಿದಾಗ ಟೀಚರು “ಇದ್ಯಾವ ಹಾಡಮ್ಮ?” ಎಂದು ಕಣ್ಣರಳಿಸಿದ್ದರು. ಒಂಟಿಯಾಗಿ ಕೇಳಿದರೆ ಅದು ಎಲ್ಲೋ ಹೊರಟು ಎಲ್ಲೂ ತಲುಪದ ಗುನುಗು. ಪಕ್ಕದಲ್ಲಿ ಯಾರಾದರೂ ರಾಗ ಹಿಡಿಯಬೇಕು. ಹಿಡಿದರೋ, ಮೈ ಜುಮ್ಮೆನ್ನುತ್ತದೆ.

ನನಗೆ ಚರ್ಚಿನ ಸಭೆ ಎಂದರೆ ಅದೇ. ಒಬ್ಬೊಬ್ಬರೇ ಅರ್ಧಂಬರ್ಧ, ಕೂಡಿದರೆ ಪೂರ್ತಿ. ಪಾಸ್ಟರರ ಯಾವ ಪ್ರಸಂಗವೂ ಕಲಿಸದ ಇದನ್ನು ನಾನು ಆ ಬೆಂಚುಗಳಿಂದ ಕಲಿತೆ.

ಆ ಬೆಂಚುಗಳನ್ನೇ ಕಿತ್ತು ಡ್ರಮ್ಮಿಗೆ ಜಾಗ ಮಾಡಿದರು. ಗಾಯನ ಮಂಡಳಿಯವರಿಗೆ ಒಂದೊಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ತಟ್ಟಿ, ಕೆಳಗೆ ಸಭಿಕರ ಬೆಂಚುಗಳಲ್ಲಿ ಕೂರಿಸಿದರು. ಗಿಟಾರಿನ ಮೇಲೆ ನನಗೇನೂ ಹಗೆಯಿಲ್ಲ. ಬೈಬಲಿನ ದಾವೀದನ ಕೈಯಲ್ಲಿದ್ದದ್ದೂ ತಂತಿವಾದ್ಯವೇ. ಹೊಸ ತಂಡಕ್ಕೆ ಕರೆದಾಗ ನಾನೂ ಖುಷಿಯಿಂದಲೇ ಹೋಗಿ ಮೈಕ್ ಹಿಡಿದೆ. ನನಗೆ ತಡೆಯಲಾಗದ್ದು ಅವರು ಕೊಟ್ಟ ಕಾರಣ: “ಎಲ್ಲರೂ ಹಾಡುವಂತಾಗಲಿ ಅಂತ.” ಎಲ್ಲರೂ ಅಂತೆ! ಈಗ ನಾವು ಐದು ಜನ ಮೈಕಿನಲ್ಲಿ ಕಿರುಚುತ್ತೇವೆ, ಉಳಿದವರು ಪರದೆಯ ಮೇಲಿನ ಸಾಲು ನೋಡುತ್ತ ತುಟಿ ಅಲ್ಲಾಡಿಸುತ್ತಾರೆ. ಮೂರನೇ ಬೆಂಚಿನಲ್ಲಿ ಅಮ್ಮ ಅದನ್ನೂ ಮಾಡುವುದಿಲ್ಲ.

ಅಮ್ಮನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ, ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು. ಯಂತ್ರದ ಸದ್ದಿನ ನಡುವೆಯೂ ಗುನುಗುತ್ತಿದ್ದಳೆಂದು ಜೊತೆಯವರು ಅವಳಿಗೆ ರೇಡಿಯೊ ಎಂದು ಹೆಸರಿಟ್ಟಿದ್ದರು. ರೇಡಿಯೊ ಈಗ ಬಂದ್. ಒಂದು ಸಂಜೆ ಕೈಗೆ ಮುಲಾಮು ಹಚ್ಚಿಕೊಳ್ಳುತ್ತ ಅಂದಳು: “ಇನ್ಮೇಲೆ ಭಾನುವಾರದ ಪಾಳಿ ಹಾಕ್ಸ್ಕೋತೀನಿ ಕಣೇ.”

“ಮತ್ತೆ ಚರ್ಚು?”

“ಅಲ್ಲಿ ನಂದೇನಿದೆ? ನೀನಿದೀಯಲ್ಲ.”

“ರಾಗ ಕಲ್ತುಕೊಳ್ಳಮ್ಮ, ನಾನು ಹೇಳಿಕೊಡ್ತೀನಿ.”

“ನೋಡಿದೆ, ಆಗಲ್ಲ. ಅರ್ಧಕ್ಕೆ ಬರೋ ಹೊತ್ತಿಗೆ ಬಾಯಿ ತಾನಾಗೇ ಕೆಳಗಿಳಿಯುತ್ತೆ.” ನಗಲು ಹೋದಳು, ಆಗಲಿಲ್ಲ.

ಅಮ್ಮ ಚರ್ಚ್ ಬಿಡುವುದೆಂದರೆ! ನನಗೆ ದೇವರ ಮೇಲೇ ಸಿಟ್ಟು ಬಂತು. ನೇರವಾಗಿ ಪಾಸ್ಟರ್ ಅಯ್ಯನವರ ಕೋಣೆಗೆ ಹೋದೆ. ನಾನು ಕಾನೂನು ಓದುತ್ತಿರುವುದರಿಂದ ಅವರಿಗೆ ಒಂದು ತಮಾಷೆ.

“ಬಾರಮ್ಮ ವಕೀಲಮ್ಮ, ಇವತ್ತು ಯಾವ ಕೇಸು?”

“ನಮ್ಮಮ್ಮಂದು ಅಯ್ಯನವರೇ. ಅವಳ ದನಿಗೆ ಜಾಗ ಕೊಡಿ.”

“ಯಾರು ಬೇಡ ಅಂದ್ರು? ಎಲ್ಲರ ಜೊತೆ ಹಾಡ್ಲಿ.”

“ಎಲ್ಲರ ಹಾಗೆ ಹಾಡಿ ಅಂತಿದೀರಿ. ಜೊತೆ ಹಾಡೋದು ಬೇರೆ.”

“ಕಾಲ ಬದಲಾಗುತ್ತಮ್ಮ.” ಅವರು ಕನ್ನಡಕ ಒರೆಸಿಕೊಂಡರು. “ಆಯ್ತು, ಈ ಭಾನುವಾರ ಒಂದು ಹಳೇ ಕೀರ್ತನೆ ಇಟ್ಟುಕೊಳ್ಳಿ. ಆದ್ರೆ ನಾಲ್ಕು ದನಿ ಗಿನಿ ಬೇಡ. ಮೊಬೈಲಲ್ಲಿ ಲೈವ್ ನೋಡೋರಿಗೆ ಗೊಂದಲ ಆಗುತ್ತೆ.”

ಲೈವ್ ನೋಡುವವರ ಗೊಂದಲದ ಚಿಂತೆ ಇವರಿಗೆ. ಎದುರಿಗೆ ಬಾಯಿ ಮುಚ್ಚಿ ನಿಂತವಳು ಕಾಣಿಸುವುದಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ, ಸಿಟ್ಟಿನಲ್ಲೇ.

ಭಾನುವಾರ “ಇದೊಂದು ವಾರ ಬಾ” ಎಂದು ಅಮ್ಮನನ್ನು ಕರೆತಂದೆ. ಕೀರ್ತನೆ ಶುರುವಾಯಿತು. ಮೊದಲ ಚರಣ ವೇದಿಕೆಯ ಮೇಲೆ ನಿಂತು ಹಾಡಿದೆ. ಅಮ್ಮ ತುಟಿ ತೆರೆದಳು, ಸ್ಪೀಕರಿನ ಕಡೆ ನೋಡಿದಳು, ಮುಚ್ಚಿದಳು. ಅಷ್ಟೇ, ನನ್ನ ತಾಳ್ಮೆ ಮುಗಿಯಿತು. ಹಾಡುತ್ತಲೇ ವೇದಿಕೆ ಇಳಿದು ಮೂರನೇ ಬೆಂಚಿಗೆ ಹೋಗಿ ಅವಳ ಪಕ್ಕ ನಿಂತು, ಅವಳ ಕಿವಿಯ ಹತ್ತಿರವೇ ರಾಗ ಹಿಡಿದೆ. ಮೈಕ್ ಕೈಯಲ್ಲೇ ಇತ್ತು. ಮರೆತು ತಂದೆನೆಂದು ನಂಬುವವರು ನಂಬಲಿ.

ಎರಡನೇ ಚರಣದ ಮಧ್ಯದಲ್ಲಿ ಅಮ್ಮ ದನಿಗೂಡಿಸಿದಳು. ಮೊದಲು ದನಿ ಒಡೆಯಿತು, ಆಮೇಲೆ ಜಾಡು ಸಿಕ್ಕಿತು. ಮುಂದಿನ ಬೆಂಚಿನ ಹುಡುಗಿ ತಿರುಗಿ, “ಆಂಟಿ, ರಾಗ ಹಂಗಲ್ಲ” ಎಂದು ಪಿಸುಗುಟ್ಟಿದಳು. ಅಮ್ಮ ನಿಲ್ಲಿಸಲಿಲ್ಲ. ಅವಳ ಕೈ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಕೊನೆಯ ಚರಣದವರೆಗೂ ಬಿಡಲಿಲ್ಲ.

ಆರಾಧನೆ ಮುಗಿದದ್ದೇ ತಡ, ಗಿಟಾರಣ್ಣ ಹೊರಬಾಗಿಲಲ್ಲಿ ಅಡ್ಡ ನಿಂತ. “ಏನ್ ಕೆಲಸ ಇದು? ರೆಕಾರ್ಡಿಂಗ್ ಪೂರ್ತಿ ಹಾಳಾಯ್ತು. ರಾಗದ ಜೊತೆ ಬೇರೆ ಏನೋ ಓಡ್ತಾ ಇದೆ. ಕಟ್ಟಕಡೇವರೆಗೂ ಆಂಟಿ ದನಿ ಕೇಳಿಸುತ್ತೆ!”

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಚರ್ಚಿನ ಬಾಗಿಲಲ್ಲಿ ಆಡುವಂತಿರಲಿಲ್ಲ. ಆದರೂ ಆಡುತ್ತಿದ್ದೆ. ಅಷ್ಟರಲ್ಲಿ ಅಮ್ಮ ನನ್ನನ್ನು ಸರಿಸಿ ಮುಂದೆ ಬಂದಳು.

“ಕೇಳಿಸ್ತಾ?” ಎಂದಳು. “ನಿಜವಾಗ್ಲೂ? ಕಡೇವರೆಗೂ?”

ಅವಳ ಮುಖ ನೋಡಿ ಗಿಟಾರಣ್ಣ ಹೌದೆಂದು ತಲೆಯಾಡಿಸಿದ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸುವ ಯೋಚನೆಯೂ ಇಲ್ಲ. ಮೈಕನ್ನು ಅವನ ಕೈಗೇ ಕೊಟ್ಟು ಬಂದಿದ್ದೇನೆ. ಬರುವ ಭಾನುವಾರದಿಂದ ನನ್ನ ಜಾಗವೂ ಮೂರನೇ ಬೆಂಚೇ. ಅಮ್ಮ ಭಾನುವಾರದ ಪಾಳಿಗೆ ಹಾಕಿದ್ದ ಅರ್ಜಿಯನ್ನು ವಾಪಸು ತಗೊಂಡಳು. ನಿನ್ನೆ ಲಾಂಡ್ರಿಯಲ್ಲಿ ರೇಡಿಯೊ ಹಾಡುತ್ತಿತ್ತಂತೆ, ಯಾರಿಗೂ ಅರ್ಥವಾಗದ ಹಾಡು.