ಐದರಲ್ಲಿ ಮೂರು ಪಾಲು

ಆ ಮನೆಯಲ್ಲಿ ಗ್ಲೆನಿಸ್ ಟ್ರಾಂಟರಳದು ಐದರಲ್ಲಿ ಎರಡು ಪಾಲು. ಉಳಿದ ಮೂರು ವಸತಿ ಸಂಸ್ಥೆಯದು. ಅದಕ್ಕೆ ತಿಂಗಳು ತಿಂಗಳು ಬಾಡಿಗೆ. ಆದರೆ ಬಾಯ್ಲರ್ ಕೆಟ್ಟರೆ, ಗೋಡೆ ಬಿರಿದರೆ ರಿಪೇರಿಯ ಐದೂ ಪಾಲು ಅವಳದೇ. ಲಾಭಕ್ಕೆ ನಾನು, ನಷ್ಟಕ್ಕೆ ನೀನು ಎನ್ನುವ ಈ ಏರ್ಪಾಟಿಗೆ ಚಾಟಂ ಊರಿನವರು ಮಾನ ಮರ್ಯಾದೆಯಿಂದ ‘ಸ್ವಂತ ಮನೆ’ ಎನ್ನುತ್ತಿದ್ದರು.

ಶಾಲೆಯ ಅಡುಗೆ ಕೆಲಸದಿಂದ ಅವಳಿಗೆ ಮುಂದಿನ ವರ್ಷ ನಿವೃತ್ತಿ. ಆಮೇಲೆ ಬಾಡಿಗೆ ಕಟ್ಟುವುದು ಆಗದ ಮಾತು. ಬಾಡಿಗೆ ಬಾಕಿ ಬಿದ್ದರೆ ಅವಳ ಎರಡು ಪಾಲನ್ನೂ ನುಂಗಿ ಸಂಸ್ಥೆ ಅವಳನ್ನು ಆಚೆಗೆ ಹಾಕಬಹುದೆಂದು ಕರಾರಿನಲ್ಲೇ ಇತ್ತು. ಉಳಿದ ಮೂರನ್ನು ಕೊಂಡುಬಿಡುವ ಹಕ್ಕೂ ಅದರಲ್ಲೇ ಇತ್ತು. ಗಂಡ ಡೆರೆಕ್ ಸತ್ತಾಗ ಬಂದ ವಿಮೆಯ ಹಣ ಅದಕ್ಕೆ ಸರಿಹೋಗುತ್ತಿತ್ತು.

ಕೊಳ್ಳುತ್ತೇನೆಂದಾಗ ಮನೆಗೆ ಬೆಲೆ ಕಟ್ಟಲು ಬಂದವನಿಗೆ ಗ್ಲೆನಿಸ್ ಚಹಾ ಕೊಟ್ಟಳು, ಬ್ರೆಡ್ ಪುಡಿಂಗ್ ಕೊಟ್ಟಳು, ಸಾಲದ್ದಕ್ಕೆ ಅಡುಗೆಮನೆಯನ್ನೂ ಹೊಗಳಿಕೊಂಡಳು. ಬಡಗಿ ಡೆರೆಕ್ ಎರಡು ಚಳಿಗಾಲ ಕೂತು ಓಕ್ ಮರದಲ್ಲಿ ಮಾಡಿದ ಕಪಾಟುಗಳು. ಸಂಧಿವಾತದಿಂದ ಗಂಟುಗಟ್ಟಿದ ಅವಳ ಬೆರಳುಗಳ ಅಳತೆ ತೆಗೆದುಕೊಂಡು ಅವುಗಳ ಬಾಗಿಲಿಗೆ ಹಿಡಿಗಳನ್ನು ಕೆತ್ತಿದ್ದ. ಬಂದವನು ತಲೆದೂಗಿದ, ಬರೆದುಕೊಂಡ. ಅಡುಗೆಮನೆಯ ಚೆಂದಕ್ಕೆ ಮನೆಯ ಬೆಲೆ ಅವಳ ಕೈಗೆ ನಿಲುಕದಷ್ಟು ಏರಿತು.

ಕಚೇರಿಗೆ ಹೋಗಿ ಕೇಳಿದರೆ ಸಂಸ್ಥೆಯ ಅಧಿಕಾರಿ ಫಿಲಿಪ್ಪಾ ಕ್ರೌಚ್ ಕಾಗದದಿಂದ ತಲೆ ಎತ್ತಲಿಲ್ಲ. ಲಿಖಿತ ಅಪ್ಪಣೆ ಪಡೆದು ಮಾಡಿಸಿದ್ದರೆ ಕಪಾಟುಗಳ ಬೆಲೆ ಕಳೆಯಬಹುದಿತ್ತಂತೆ. ಪಡೆದಿದ್ದಿರಾ ಎಂದು ಕೇಳಿದಳು. ನಮ್ಮ ಮನೆಯಲ್ಲಿ ಮೊಳೆ ಹೊಡೆಯಲು ಯಾರಪ್ಪನ ಅಪ್ಪಣೆ ಎಂದಿದ್ದ ಡೆರೆಕ್.

“ನನ್ನ ಗಂಡ ಮಾಡಿದ ಕಪಾಟನ್ನ ನಾನೇ ನಿಮ್ಮ ಹತ್ರ ದುಡ್ಡು ಕೊಟ್ಟು ಕೊಂಡ್ಕೋಬೇಕೇನಮ್ಮ?”

“ಪೂರ್ತಿ ಅಲ್ಲ, ಮಿಸೆಸ್ ಟ್ರಾಂಟರ್. ಐದರಲ್ಲಿ ಮೂರು ಪಾಲು ಅಷ್ಟೇ.”

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಗ್ಲೆನಿಸ್‌ಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಡೆರೆಕ್‌ನ ಗರಗಸ ತೆಗೆದಳು. ಕಪಾಟುಗಳ ಹನ್ನೊಂದು ಬಾಗಿಲುಗಳಿಗೂ ಪೆನ್ಸಿಲ್ ಗೆರೆ ಎಳೆದು, ಕೀಲಿನ ಕಡೆಯಿಂದ ಎರಡು ಪಾಲು ಉಳಿಸಿ, ಮೂರು ಪಾಲು ಕೊಯ್ಯತೊಡಗಿದಳು. ಸದ್ದು ಕೇಳಿ ಬಂದ ಪಕ್ಕದ ಮನೆಯ ಮಾವಿಸ್, ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರೋದಿಲ್ಲ ಕಣೇ ಎಂದಳು. ಮೂಗು ಹೋದರೆ ಹೋಗಲಿ, ಮನೆ ಬೇಕು ಎಂದು ಗ್ಲೆನಿಸ್ ಕೊಯ್ಯುತ್ತಲೇ ಹೋದಳು. ಬೆರಳು ಎರಡು ದಿನ ಮಡಚಲು ಬರಲಿಲ್ಲ.

ಹಲಗೆಗಳನ್ನು ಟ್ಯಾಕ್ಸಿಯಲ್ಲಿ ಒಯ್ದು ಸಂಸ್ಥೆಯ ಬಾಗಿಲಲ್ಲೇ ಪೇರಿಸಿದಳು. ನಿಮ್ಮ ಪಾಲು ತಂದಿದ್ದೇನೆ, ರಸೀದಿ ಕೊಡಿ ಎಂದಳು. ಕ್ರೌಚ್ ರಸೀದಿ ಕೊಡಲಿಲ್ಲ, ಎಚ್ಚರಿಕೆಯ ಪತ್ರ ಕಳಿಸಿದಳು. ಮತ್ತೆ ಬೆಲೆ ಕಟ್ಟಲು ಬಂದವನು ಮೊಂಡು ಬಾಗಿಲುಗಳನ್ನು ನೋಡಿ ಬರೆದುಕೊಂಡು ಹೋದ. ಈ ಸಲ ಅವನಿಗೆ ಚಹಾ ಸಿಗಲಿಲ್ಲ. ಬೆಲೆ ಇಳಿಯಿತು. ಮೂರು ತಿಂಗಳಲ್ಲಿ ಐದೂ ಪಾಲು ಅವಳ ಹೆಸರಿಗೆ ಬಂತು.

ಮನೆಯ ಹಕ್ಕುಪತ್ರ ಕೈಗೆ ಬಂದ ದಿನವೇ ಕ್ರೌಚಳ ಫೋನು. ಹಲಗೆಗಳು ಇನ್ನೂ ಗೋದಾಮಿನಲ್ಲಿವೆ, ಶುಕ್ರವಾರದೊಳಗೆ ಬಂದು ತಗೊಂಡು ಹೋಗಿ, ಇಲ್ಲವಾದರೆ ಕಸಕ್ಕೆ ಹಾಕಿಸುತ್ತೇನೆ ಎಂದಳು.

ಒಂದು ಕ್ಷಣ ಗ್ಲೆನಿಸ್‌ಗೆ ಹೂಂ ಅನ್ನಬೇಕೆನಿಸಿತು. ಆದರೆ ಆ ದನಿ ಕೇಳಿದರೇ ಅವಳಿಗೆ ಆಗುತ್ತಿರಲಿಲ್ಲ.

“ನನ್ನ ಮನೆಯೊಳಗೆ ಏನಾದ್ರೂ ತರಬೇಕು ಅಂದ್ರೆ ನೀವು ಲಿಖಿತ ಅಪ್ಪಣೆಗೆ ಅರ್ಜಿ ಹಾಕ್ಬೇಕು, ಮಿಸ್ ಕ್ರೌಚ್. ನಾನು ನೋಡಿ ಹೇಳ್ತೀನಿ.”

ಫೋನು ಕುಕ್ಕಿದಳು. ಗೆದ್ದ ಖುಷಿಗೆ ಚಹಾ ಮಾಡಿಕೊಳ್ಳಲು ಹೋಗಿ ಕಪಾಟಿಗೆ ಕೈ ಚಾಚಿದಳು. ಗಂಟುಬೆರಳುಗಳು ಅಭ್ಯಾಸದಂತೆ ಡೆರೆಕ್ ಕೆತ್ತಿದ ಹಿಡಿಯನ್ನು ಹುಡುಕಿದವು. ಹಿಡಿಗಳೆಲ್ಲ ಮೂರು ಪಾಲಿನ ಕಡೆ ಹೋಗಿದ್ದವು.