ಕಾರ್ಡಣ್ಣನ ಉಪಕಾರ

ಆ ಬೀದಿಯ ಹೆಂಗಸರೆಲ್ಲರ ಎಟಿಎಂ ಪಿನ್ ಒಂದೇ ಆಗಿತ್ತು. ಎಲ್ಲರ ಕಾರ್ಡನ್ನೂ ತೆಗೆದುಕೊಂಡು ಹೋಗಿ ದುಡ್ಡು ತಂದುಕೊಡುವವನು ಮೂಲೆ ಅಂಗಡಿಯ ಕಾರ್ಡಣ್ಣ ಒಬ್ಬನೇ. ಪಾಪ, ಅಷ್ಟೊಂದು ನಂಬರು ಅವನಾದರೂ ಹೇಗೆ ನೆನಪಿಟ್ಟುಕೊಳ್ಳಬೇಕು ಎಂದು ಎಲ್ಲರೂ ಮಾತಾಡಿಕೊಂಡು ಒಂದೇ ನಂಬರು ಇಟ್ಟಿದ್ದರು. ಖಾತೆ ತೆರೆಯುವಾಗ ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರೂ ಅವನದೇ, ದುಡ್ಡು ತೆಗೆದಾಗ ಬರುವ ಮೆಸೇಜೂ ಅವನ ಫೋನಿಗೇ. ಇಂಥ ಒಗ್ಗಟ್ಟು ಬೇರೆ ಯಾವ ಒಳ್ಳೆಯ ಕೆಲಸಕ್ಕೂ ಆ ಬೀದಿಯಲ್ಲಿ ಕಂಡದ್ದಿಲ್ಲ.

ಟೈಲರಕ್ಕನೂ ಅವರಲ್ಲಿ ಒಬ್ಬಳು. ರಸ್ತೆಗೆ ಬಾಗಿಲು ತೆರೆದ ಕೋಣೆಯಲ್ಲಿ ಅವಳ ಹೊಲಿಗೆ ಮಷಿನ್. ಪಕ್ಕದಲ್ಲಿ ಕೂತು ಕಾಜಾ, ಗುಂಡಿ ಹಾಕಿಕೊಡುವವಳು ಅವಳ ಅಮ್ಮ. ಎಂಥ ಜಗಳಗಂಟ ಗಿರಾಕಿಗೂ ಜಗ್ಗದ ಟೈಲರಕ್ಕ ಎಟಿಎಂ ಎಂದರೆ ಮಾತ್ರ ಬೆವರುತ್ತಿದ್ದಳು. ಒಮ್ಮೆ ಹೋಗಿ ಕಾರ್ಡನ್ನು ತಿರುಗಾಮುರುಗಾ ಹಾಕಿದ್ದಳು. ಹಿಂದೆ ನಿಂತವರು ಗದರಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಬರಿಗೈಲಿ ವಾಪಸಾಗಿದ್ದಳು. ಕೌಂಟರಿಗೆ ಹೋದರೆ ಅಲ್ಲಿಯವರು ತಲೆ ಎತ್ತದೆ, "ಇದಕ್ಕೆಲ್ಲ ಒಳಗ್ಯಾಕೆ ಬರ್ತೀರಿ? ಹೊರಗೆ ಮಷಿನ್ ಇಲ್ವಾ?" ಎನ್ನುತ್ತಿದ್ದರು. ಹೇಗೆಂದು ತೋರಿಸಿಕೊಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹೀಗಿರುವಾಗ ಕಾರ್ಡಣ್ಣ ದೇವರಂತೆ ಕಂಡದ್ದರಲ್ಲಿ ಆಶ್ಚರ್ಯವೇನು?

ಎದುರಿಗೆ ದಾರ ಮಾರುವ ಅಂಗಡಿಯವಳು ಮಾತ್ರ ತನ್ನ ದುಡ್ಡನ್ನು ತಾನೇ ತೆಗೆದುಕೊಳ್ಳುತ್ತಿದ್ದಳು.

"ಅಕ್ಕಾ, ಕತ್ತರಿ ಹಿಡಿದ್ರೆ ನಡುಗದ ಕೈ ನಾಲ್ಕು ನಂಬರ್ ಒತ್ತೋಕೆ ನಡುಗುತ್ತಾ? ಬನ್ನಿ, ನಾನು ಜೊತೆಗೆ ಬರ್ತೀನಿ."

"ಬೇಡಮ್ಮಾ. ಮಷಿನ್ ಕಾರ್ಡ್ ನುಂಗಿಬಿಟ್ರೆ?"

"ಮಷಿನ್ ನುಂಗಿದ್ರೆ ಬ್ಯಾಂಕಿನವರು ಬೇರೆ ಕೊಡ್ತಾರೆ. ಮನುಷ್ಯ ನುಂಗಿದ್ರೆ ಯಾರನ್ನ ಕೇಳ್ತೀರಿ?"

"ಅಯ್ಯೋ, ಹಾಗನ್ಬೇಡ! ಅವನು ನನ್ನ ತಮ್ಮನಿಗಿಂತ ಹೆಚ್ಚು."

ಅಷ್ಟರಲ್ಲಿ ಅಮ್ಮನ ಕಣ್ಣು ಮಂಜಾಗತೊಡಗಿತು. ಡಾಕ್ಟರು ನೋಡಿ, "ಕಣ್ಣೊಳಗೆ ಒತ್ತಡ ಏರಿದೆ. ಈ ವಾರವೇ ಆಪರೇಷನ್ ಆಗ್ಬೇಕು. ತಡ ಮಾಡಿದ್ರೆ ಹೋದ ದೃಷ್ಟಿ ಮತ್ತೆ ಬರಲ್ಲ" ಎಂದರು. ದುಡ್ಡಿನ ಚಿಂತೆ ಇರಲಿಲ್ಲ. ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಹೊಲಿದದ್ದು ಬ್ಯಾಂಕಿನಲ್ಲಿತ್ತು. ಟೈಲರಕ್ಕ ಎಂದಿನಂತೆ ಕಾರ್ಡು ಕೊಟ್ಟು ಕಳಿಸಿದಳು.

ಕಾರ್ಡಣ್ಣ ವಾಪಸ್ ಬಂದು, "ಮಷಿನ್ ಕೆಟ್ಟಿದೆ ಅಕ್ಕಾ" ಎಂದ. ಇನ್ನೊಮ್ಮೆ ಕಳಿಸಿದಾಗ ನೆಟ್‌ವರ್ಕ್ ಇಲ್ಲ ಎಂದ. ಮತ್ತೊಮ್ಮೆ, ಮಷಿನ್‌ಗೆ ದುಡ್ಡೇ ತುಂಬಿಲ್ಲ ಎಂದ. ಕೌಂಟರಿನಲ್ಲಿ ಕೇಳೋಣವೆಂದರೆ ಬೈಸಿಕೊಳ್ಳುವ ಭಯ. ಹೀಗೆ ವಾರಗಳು ಉರುಳಿದವು. ಅಮ್ಮ ಗುಂಡಿಯನ್ನು ತಪ್ಪು ಜಾಗಕ್ಕೆ ಹೊಲಿಯತೊಡಗಿದಳು.

ಒಂದು ಬೆಳಿಗ್ಗೆ ದಾರದ ಅಂಗಡಿಯವಳಿಗೆ ವಿಷಯ ಗೊತ್ತಾಯಿತು. "ಮಷಿನ್ ಕೆಟ್ಟಿದೆಯಾ? ಈಗ ತಾನೇ ಅಲ್ಲಿಂದ ದುಡ್ಡು ತಂದೆನಲ್ಲ ನಾನು!"

ಅವಳು ಟೈಲರಕ್ಕನನ್ನು ಕೈ ಹಿಡಿದು ಎಳೆದುಕೊಂಡೇ ಹೋದಳು. ಕಾರ್ಡು ಯಾವ ಕಡೆಯಿಂದ ಹಾಕಬೇಕೆಂದು ತೋರಿಸಿ, ಪಿನ್ ಒತ್ತುವಾಗ ಮುಖ ಬೇರೆ ಕಡೆ ತಿರುಗಿಸಿ ನಿಂತಳು. ಎಲ್ಲ ಮುಗಿಯಲು ಒಂದು ಸೂಜಿಗೆ ದಾರ ಪೋಣಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಖಾತೆಯಲ್ಲಿ ಉಳಿದದ್ದು ಒಂದು ಉಂಡೆ ದಾರಕ್ಕೂ ಸಾಲುತ್ತಿರಲಿಲ್ಲ.

ಕಾರ್ಡಣ್ಣ ಓಡಿಹೋಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. "ನಾನೇನು ತಿಂದುಹಾಕಿದ್ನಾ ಅಕ್ಕಾ? ಅಂಗಡಿಗೆ ಮಾಲು ತರಿಸೋಕೆ ಸ್ವಲ್ಪ ದಿನ ತಿರುಗಿಸಿಕೊಂಡೆ. ಹೇಗೂ ಸುಮ್ನೆ ಬಿದ್ದಿತ್ತಲ್ಲ. ಮಾಲು ಮಾರಿದ ಮೇಲೆ ಎಲ್ಲ ವಾಪಸ್ ಹಾಕ್ತೀನಿ."

ಬ್ಯಾಂಕಿನವರು, "ಪಿನ್ ನೀವೇ ಕೊಟ್ಟಿದ್ದೀರಿ, ನಾವೇನ್ ಮಾಡೋಣ?" ಎಂದು ಕೈ ತೊಳೆದುಕೊಂಡರು. ಕಾರ್ಡಣ್ಣ ಆಡಿದ ಮಾತಿನಂತೆ ಚಿಲ್ಲರೆ ಸಮೇತ ಎಲ್ಲವನ್ನೂ ಖಾತೆಗೆ ಹಾಕಿದ. ಆದರೆ ಅಷ್ಟರೊಳಗೆ ಅಮ್ಮನ ಬಲಗಣ್ಣು ಪೂರ್ತಿ ಹೋಗಿತ್ತು. ಡಾಕ್ಟರು ಇನ್ನೊಂದು ಕಣ್ಣಿನಲ್ಲಿ ಅರ್ಧ ಬೆಳಕನ್ನಷ್ಟೇ ಉಳಿಸಿಕೊಟ್ಟರು. "ಹೋಗ್ಲಿ ಬಿಡಿ, ದುಡ್ಡಂತೂ ಬಂತಲ್ಲ" ಎಂದು ಬೀದಿಯವರು ಸಮಾಧಾನ ಹೇಳಿದರು. ಟೈಲರಕ್ಕನಿಗೆ ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಅವನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಅಸಹ್ಯವೇ ಹೆಚ್ಚಾಗಿತ್ತು.

ಅವಳು ಪಿನ್ ಬದಲಿಸಿದಳು. ಬ್ಯಾಂಕಿಗೆ ಹೋಗಿ, ಯಾರು ಗದರಿದರೂ ಜಗ್ಗದೆ ತನ್ನದೇ ಮೊಬೈಲ್ ನಂಬರು ಬರೆಸಿದಳು. ಬೀದಿಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಅವಳ ಹಿಂದೆ ಹೊರಟರು. ಒಂದು ದಿನ ಅಮ್ಮ ಕೇಳಿದಳು:

"ನನ್ನನ್ನೂ ಕರ್ಕೊಂಡು ಹೋಗು. ನನ್ನ ಕಾರ್ಡಲ್ಲಿ ದುಡ್ಡು ತೆಗೆಯೋದನ್ನ ನಾನೂ ಕಲೀತೀನಿ."

"ಈ ಕಣ್ಣಲ್ಲಿ ನಿನಗ್ಯಾಕಮ್ಮಾ? ನಾನೇ ತಂದುಕೊಡ್ತೀನಲ್ಲ."

"ಅವನೂ ಹಾಗೇ ಅಂದಿದ್ದ."

ಟೈಲರಕ್ಕ ಅಮ್ಮನನ್ನು ಎಟಿಎಂಗೆ ಕರೆದುಕೊಂಡು ಹೋದಳು. ಅಲ್ಲಿ ಅಂಕಿಗಳ ಗುಂಡಿಗಳಲ್ಲಿ ನಡುವಿನ ಐದರ ಮೇಲೆ ಸಣ್ಣದೊಂದು ಉಬ್ಬು ಚುಕ್ಕೆ ಇತ್ತು. ಅಮ್ಮ ಅದನ್ನು ಬೆರಳಿನಿಂದ ಸವರಿ, ಅಲ್ಲಿಂದ ಮೇಲೆ ಕೆಳಗೆ ತಡವಿ, ಉಳಿದ ಅಂಕಿಗಳನ್ನು ಕಂಡುಕೊಂಡಳು. ಪರದೆಯ ಮೇಲಿನದನ್ನು ಮಗಳು ಓದಿ ಹೇಳಿದಳು. ಹೊಸ ಪಿನ್ ಒತ್ತುವಾಗ ಅಮ್ಮ ಸೆರಗನ್ನು ಅಡ್ಡ ಹಿಡಿದಳು.

"ಯಾವ ನಂಬರ್ ಇಟ್ಟೆ ಅಮ್ಮಾ?"

"ನಿನಗ್ಯಾಕೆ ಅದು?"

ಟೈಲರಕ್ಕನಿಗೆ ಆ ಮಾತು ಚುಚ್ಚಿತು. ಆದರೂ ಅಮ್ಮನದೇ ಸರಿ ಎನಿಸಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಾರ್ಡು ಈಗ ಯಾರ ಜೇಬಿನಲ್ಲಿದೆ? ಇವತ್ತೇ ಹೋಗಿ ವಾಪಸ್ ಇಸಿದುಕೊಳ್ಳಿ. ಪಿನ್ ಬದಲಿಸಿ. ಅದನ್ನು ಎಲ್ಲೂ ಬರೆಯಬೇಡಿ, ಯಾರಿಗೂ ಹೇಳಬೇಡಿ, ಬ್ಯಾಂಕಿನವರೇ ಫೋನ್ ಮಾಡಿ ಕೇಳುತ್ತಿದ್ದೇವೆ ಎಂದರೂ ಹೇಳಬೇಡಿ. ಖಾತೆಗೆ ನಿಮ್ಮದೇ ಮೊಬೈಲ್ ನಂಬರು ಕೊಡಿ. ತಿಳಿಯದಿದ್ದರೆ ಬ್ಯಾಂಕಿನ ಒಳಗೆ ಹೋಗಿ ಕೇಳಿ. ಗದರಿದರೆ ಮತ್ತೆ ಕೇಳಿ, ತೋರಿಸಿಕೊಡುವುದು ಅವರ ಕೆಲಸ. ಹಿಂದೆ ನಿಂತವರು ಅವಸರ ಮಾಡಿದರೆ ಮಾಡಿಕೊಳ್ಳಲಿ. ಅವರ ಮುಂದೆ ಒಂದು ಗಳಿಗೆ ನಾಚಿಕೆಪಟ್ಟರೆ ನಿಮ್ಮದೇನೂ ಹೋಗುವುದಿಲ್ಲ. ಟೈಲರಕ್ಕ ಆ ಒಂದು ಗಳಿಗೆಯನ್ನು ಮುಂದೂಡಿದ್ದಕ್ಕೆ ಅವಳ ಅಮ್ಮ ಒಂದು ಕಣ್ಣನ್ನೇ ಕಳೆದುಕೊಳ್ಳಬೇಕಾಯಿತು.