ಸೊಂಟದ ಮೇಲಿನ ಗೀರು

ಅತ್ತಿಗೆ ಕಬುಲಾಳ ಎದೆಯ ಗಡ್ಡೆಗಿಂತ ಅವಳ ರಕ್ತದ ವರದಿಯೇ ಡಾಕ್ಟರ್ ಲುಹೆಂಡೆಯವರನ್ನು ಹೆಚ್ಚು ಹೆದರಿಸಿತ್ತು. ಮ್ವಾಂಜಾ ಪಟ್ಟಣದ ಆಸ್ಪತ್ರೆಯಲ್ಲಿ ಅವರೆದುರು ನಾವಿಬ್ಬರೂ ಕೂತಿದ್ದೆವು.

"ನೋಡಮ್ಮಾ, ರಕ್ತದಲ್ಲಿ ಉರಿಯೂತದ ಅಂಕಿ ಸಿಕ್ಕಾಪಟ್ಟೆ ಏರಿದೆ. ಹೀಗಿರೋರಿಗೆ ಕ್ಯಾನ್ಸರ್ ಔಷಧಿ ಹಿಡಿಯೋದೂ ಕಷ್ಟ, ಮೈ ತಡ್ಕೊಳ್ಳೋದೂ ಕಷ್ಟ. ಪೂರ್ತಿ ಚಿಕಿತ್ಸೆ ಬೇಡ, ನೋವಿಗಷ್ಟೇ ಮದ್ದು ಕೊಡೋಣ ಅಂತಿದ್ದೀವಿ."

ಅಂದರೆ ಸಾಯಲು ಬಿಡೋಣ ಎಂದು! ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತಿಗೆಯೋ "ಆಗ್ಲಿ ಡಾಕ್ಟ್ರೇ" ಎಂದು ತಲೆಯಾಡಿಸಿದಳು. ಮೂರು ಮಕ್ಕಳ ತಾಯಿ, ಆಗಲಿ ಅಂತೆ!

ಆ ಉರಿಯೂತ ಎಲ್ಲಿಯದೆಂದು ನನಗೆ ಅನುಮಾನವಿತ್ತು. ಬೆಳಿಗ್ಗೆ ಸ್ನಾನ ಮಾಡಿಸುವಾಗ ಅವಳ ಸೊಂಟ ನೋಡಿದ್ದೆ. ರೋಗ ಹೋಗಲೆಂದು ನಾಟಿ ವೈದ್ಯ ಬ್ಲೇಡಿನಿಂದ ಗೀರಿ ಬೂದಿ ತಿಕ್ಕಿದ್ದ, ಕೀವು ತುಂಬಿತ್ತು. ಯಾರಿಗೂ ಹೇಳಕೂಡದೆಂದು ಅತ್ತಿಗೆ ಆಣೆ ಮಾಡಿಸಿಕೊಂಡಿದ್ದಳು.

ನಮ್ಮ ಸುಕುಮಾ ಜನರಲ್ಲಿ ಅತ್ತಿಗೆ-ನಾದಿನಿಯರು ಯಾರೆದುರು ಬೇಕಾದರೂ ಒಬ್ಬರನ್ನೊಬ್ಬರು ಹೀಯಾಳಿಸಬಹುದು. ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಆ ಸಲಿಗೆಯನ್ನೇ ಹಿಡಿದುಕೊಂಡೆ.

"ಡಾಕ್ಟ್ರೇ, ಈ ಪೆದ್ದೀನ ನಮ್ಮಣ್ಣ ಯಾಕಾದ್ರೂ ಕಟ್ಕೊಂಡ್ನೋ! ಸೊಂಟ ನೋಡಿ, ಹುರಿಯೋ ಮೀನಿಗೆ ಹಾಕೋ ಹಾಗೆ ಗೀರು ಹಾಕಿಸ್ಕೊಂಡಿದಾಳೆ. ಉಪ್ಪು ಖಾರ ಒಂದು ಬಾಕಿ!"

ಡಾಕ್ಟರ್ ನಗಲಿಲ್ಲ. ಗಾಯ ನೋಡಿ, "ಛೆ, ಮೊದಲೇ ಹೇಳಬಾರದೇನಮ್ಮಾ? ನಾವು ಎಲ್ಲಾನೂ ಗಡ್ಡೆ ತಲೆಗೇ ಕಟ್ಟಿದ್ವಿ. ಇದು ಮಾಗಲಿ, ಮತ್ತೆ ರಕ್ತ ನೋಡೋಣ" ಎಂದರು.

ಅವತ್ತಿನಿಂದ ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಳು. ನಾನು ಒಯ್ದ ಉಗಾಲಿ ಮುದ್ದೆಯನ್ನೂ ಮುಟ್ಟಲಿಲ್ಲ. ಎಷ್ಟು ಕೊಬ್ಬು ಅಂತೀನಿ!

ಗಾಯ ಮಾಗಿದ ಮೇಲೆ ರಕ್ತ ನೋಡಿದರು. ಅಂಕಿ ಇಳಿದಿತ್ತು, ಪೂರಾ ಅಲ್ಲ.

"ಗ್ಯಾರಂಟಿ ಕೊಡಲ್ಲಮ್ಮಾ. ಆದ್ರೆ ಪೂರ್ತಿ ಚಿಕಿತ್ಸೆ ಶುರು ಮಾಡೋಣ" ಎಂದರು ಡಾಕ್ಟರ್.

ಹೊರಗೆ ಬಂದದ್ದೇ ಅತ್ತಿಗೆಯ ರಟ್ಟೆ ಹಿಡಿದೆ. "ಈಗಾದ್ರೂ ಬಾಯಿ ಬಿಡೇ ಕೋತಿ. ಸಾಯೋಕೂ ತಯಾರಾಗಿದ್ಯಲ್ಲ, ಯಾಕೆ ಮುಚ್ಚಿಟ್ಟೆ?"

"ವೈದ್ಯನ ಹತ್ರ ಕರ್ಕೊಂಡು ಹೋಗಿದ್ದು ನಿಮ್ಮಮ್ಮ ಕಣೇ. ಬಾ ಅಂತ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು" ಎಂದಳು. "ನಾನು ಹೋದ್ಮೇಲೆ ನನ್ನ ಮಕ್ಕಳನ್ನ ಸಾಕೋರು ಅವ್ರೇ ಅಲ್ವಾ? ಅಜ್ಜಿಯಿಂದ ಅಮ್ಮ ಸತ್ಳು ಅಂತ ಆ ಮಕ್ಕಳು ಅನ್ಬಾರ್ದು."

ಬೈಯಲು ಬಾಯಿ ತೆರೆದೆ, ಅಳು ಬಂತು.

ರಕ್ತದ ಅಂಕಿ ಇಳಿದ ಸುದ್ದಿ ಕೇಳಿ ಅಮ್ಮ ಅಂಗಳದಲ್ಲೇ ಕುಣಿದಾಡಿದಳು. "ನಾನು ಹೇಳಿರ್ಲಿಲ್ವಾ? ನಮ್ಮ ವೈದ್ಯನ ಮದ್ದು ಹಿಡೀತು!"

ಅತ್ತಿಗೆ ನನ್ನ ಮುಖ ನೋಡಿದಳು.

"ಹಿಡೀತಮ್ಮಾ" ಎಂದೆ. "ಚೆನ್ನಾಗೇ ಹಿಡೀತು. ಇನ್ನೊಂದ್ಸಲ ಬೇಡ."